ಕಾರಿಗೆ ಮಹಾಪ್ರಾಣ

ಕನ್ನಡ ವ್ಯಾಕರಣ ಬಲ್ಲವನಿಗೆ ಮೋಟಾರು ರಿಪೇರಿ ದೊಡ್ಡ ಕೆಲಸವೇನಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ‘ಆಗಿತ್ತು’ ಎಂಬುದು ಭೂತಕಾಲದ ಕ್ರಿಯಾಪದ. ಇದನ್ನು ಓದುಗರು ಮೊದಲೇ ಗಮನಿಸಿಕೊಂಡರೆ ಮುಂದೆ ನನಗೆ ಹೇಳುವ ಕಷ್ಟ ಕಡಿಮೆಯಾಗುತ್ತದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಮನೆ. ಹುಟ್ಟಿನಿಂದ ನನಗೊಂದು ಜಾಡ್ಯ ಅಂಟಿಕೊಂಡಿದೆ. ಅದರ ಹೆಸರು ಕುತೂಹಲ. ಗಡಿಯಾರ ಟಿಕ್ ಟಿಕ್ ಅನ್ನುವುದು ಯಾಕೆ ಎಂದು ಬಿಚ್ಚಿ ನೋಡಿದವನು ನಾನು. ಆಮೇಲೆ ಅದು ಅನ್ನಲಿಲ್ಲ. ಹೊಲಿಗೆ ಯಂತ್ರದ ಸೂಜಿ ಕೆಳಗಿನ ದಾರವನ್ನು ಹೇಗೆ ಹಿಡಿಯುತ್ತದೆ ಎಂದು ಬೆರಳಿಟ್ಟು ನೋಡಿದವನೂ ನಾನೇ. ಅದು ಹಿಡಿಯಿತು, ಬೆರಳನ್ನು! ಅಂದಿನಿಂದ ನನ್ನ ಹೆಂಡತಿ ಶಾಂತಾ ಮನೆಯ ಸ್ಕ್ರೂಡ್ರೈವರನ್ನು ಮೆಣಸಿನಕಾಯಿ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು. ಬಚ್ಚಿಟ್ಟದ್ದನ್ನು ಹುಡುಕುವ ಕುತೂಹಲವೂ ನನಗಿದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಇಂಥ ನನಗೆ ಒಂದು ಕಾರು ಸಿಕ್ಕಿತು.

ಸಿಕ್ಕಿದ್ದು ತಿಕೋಟಾದಲ್ಲಿ. ಅಲ್ಲಿಯ ಡಾಕ್ಟರರೊಬ್ಬರ ಹಿತ್ತಲಲ್ಲಿ, ಬೇವಿನ ಗಿಡದ ಕೆಳಗೆ, ಯುದ್ಧಕ್ಕೂ ಮೊದಲು ವಿಲಾಯತಿಯಿಂದ ಬಂದ ಸಣ್ಣ ಕಾರೊಂದು ನಿಂತಿತ್ತು. ಮೇಲೆ ಮಡಚುವ ಕ್ಯಾನ್‌ವಾಸಿನ ಹೊದಿಕೆ. ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಡಾಕ್ಟರರಿಗೆ ಹಿತ್ತಲು ತೆರವಾದರೆ ಸಾಕಾಗಿತ್ತು, ಹೀಗಾಗಿ ಒಂದು ಜೋಡಿ ಎತ್ತೂ ಬರದಷ್ಟು ಕಡಿಮೆ ಬೆಲೆಗೆ ಕಾರು ಕೊಡಲು ಒಪ್ಪಿದರು.

ಹಾಗೆಂದು ನಾನು ಕಣ್ಣು ಮುಚ್ಚಿ ವ್ಯಾಪಾರ ಮಾಡುವವನಲ್ಲ. ಪರೀಕ್ಷೆಗೆಂದು ವಿಜಾಪುರದಿಂದ ದಸ್ತಗೀರ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆ. ಲಾರಿ, ಬಸ್ಸು, ಹಿಟ್ಟಿನ ಗಿರಣಿ, ಎಲ್ಲದರ ಎಂಜಿನ್ನಿಗೂ ಕೈ ಹಾಕಿ ಪಳಗಿದ ಮನುಷ್ಯ. ಮಾತು ಕಡಿಮೆ. ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸಿದ. ಡಾಕ್ಟರರ ಕೊರಳಿನಲ್ಲಿದ್ದ ಸ್ಟೆಥಾಸ್ಕೋಪನ್ನು ಕೇಳಿ ಪಡೆಯದೆ, ನೇರವಾಗಿ ಬಾನೆಟ್ಟಿನ ಮೇಲೆ ಕಿವಿ ಇಟ್ಟ. ಬಹಳ ಹೊತ್ತು ಕೇಳಿದ. ಆಮೇಲೆ ಕಿವಿ ಒರೆಸಿಕೊಳ್ಳುತ್ತ ಹೇಳಿದ:

“ಮಾಸ್ತರ, ಗಾಡಿಗೆ ದಮ್ ಐತಿ.”

“ಖರೇನ?”

“ಭಾಳ ದಮ್ ಐತಿ.”

ನಾನು ಅಲ್ಲೇ ಡಾಕ್ಟರರ ಕೈಯಲ್ಲಿ ಹಣವಿಟ್ಟೆ. ದಮ್ ಇರುವ ಗಾಡಿಯನ್ನು ಯಾರು ಬಿಡುತ್ತಾರೆ? ಕೋಳಿಯನ್ನು ಗೌರವದಿಂದ ಇಳಿಸಿ ನಾವಿಬ್ಬರೂ ವಿಜಾಪುರದ ದಾರಿ ಹಿಡಿದೆವು.

ಸಪಾಟು ದಾರಿಯಲ್ಲಿ ಕಾರು ಚೆನ್ನಾಗಿಯೇ ಓಡಿತು. ಮೊದಲ ಏರು ಬಂದಾಗ ಮಾತ್ರ ಕೆಮ್ಮಿತು, ಕೀಚಲು ದನಿ ತೆಗೆಯಿತು, ಸುಯ್ ಸುಯ್ ಎಂದು ಎಳೆದುಕೊಂಡಿತು, ನಿಂತಿತು. ಇಳಿದು ನೂಕಿದೆವು. ಎರಡನೆಯ ಏರಿನಲ್ಲೂ ನೂಕಿದೆವು. ಮೂರನೆಯದರಲ್ಲಿ ಅರಕೇರಿ ಕಡೆ ಹೊರಟಿದ್ದ ಎಮ್ಮೆಗಳ ಹಿಂಡೊಂದು ನಮ್ಮನ್ನು ದಾಟಿಕೊಂಡು ಹೋಯಿತು. ಎಮ್ಮೆಗಳು ಅವಸರದಲ್ಲಿ ಇರಲಿಲ್ಲ.

“ಮಿಸ್ತ್ರಿ,” ಎಂದೆ, ಬೆವರು ಒರೆಸಿಕೊಳ್ಳುತ್ತ. “ಗಾಡಿಗೆ ದಮ್ ಐತಿ ಅಂದ್ಯಲ್ಲ?”

“ಐತಲ್ರಿ ಮತ್ತ! ಕೇಳಸೂದಿಲ್ಲೇನು? ನಮ್ಮ ಚಾಚಾಗೂ ಹಿಂಗ ಇತ್ತು. ಪಾವಟಗಿ ಹತ್ತೂ ಮುಂದ ಹಿಂಗ ಎಳೀತಿದ್ದ.”

ಆಗ ನನಗೆ ಅರ್ಥವಾಯಿತು. ನಮ್ಮ ಕಡೆ ದಮ್ ಎಂದರೆ ಕಸುವು. ದಮ್ ಎಂದರೆ ಉಬ್ಬಸದ ರೋಗವೂ ಹೌದು! ನಾನಾರ್ಥ ಪದಗಳನ್ನು ವರ್ಷವರ್ಷ ಹುಡುಗರಿಗೆ ಬಾಯಿಪಾಠ ಮಾಡಿಸಿದ ನಾನು, ಸ್ವಂತ ವ್ಯವಹಾರದಲ್ಲಿ ಒಂದೇ ಅರ್ಥ ಹಿಡಿದುಕೊಂಡು ಹಣ ಕೊಟ್ಟಿದ್ದೆ.

“ಹಂಗಂದ್ರ ಬ್ಯಾಡ ಅಂತ ಹೇಳಬಾರದ?”

“ರೋಗ ಹೇಳಿದ್ನಿರಿ. ತೊಗೊಳ್ಳೂದು ಬಿಡೂದು ನಿಮ್ಮ ಖುಷಿ. ನೀವು ದಮ್ ಅಂದ ಕೂಡಲೇ ನಕ್ಕೊಂತ ರೊಕ್ಕಾ ಕೊಟ್ರಿ. ಮಾಸ್ತರ ಭಾಳ ದಯಾಳು ಅಂತ ತಿಳಕೊಂಡೆ.”

ಎಂಜಿನ್ನಿನ ಒಳಗಿನ ರಿಂಗುಗಳೆಲ್ಲ ಸವೆದಿದ್ದವು. ಸೊಲ್ಲಾಪುರಕ್ಕೆ ಒಯ್ದು ಹೊಸದು ಹಾಕಿಸಬೇಕು, ಅದಕ್ಕೆ ಇನ್ನೊಂದು ಕಾರಿನಷ್ಟು ಖರ್ಚು ಎಂದು ಮಿಸ್ತ್ರಿ ಹೇಳಿದ. ಮಾಸ್ತರನ ಪಗಾರದಲ್ಲಿ ಅದು ಆಗುವ ಮಾತಲ್ಲ. ಆದರೆ ಖರ್ಚಿಲ್ಲದ ದಾರಿ ಒಂದು ಇರಲೇಬೇಕು ಎಂದು ನನ್ನ ಕುತೂಹಲ ಒಳಗಿನಿಂದ ಚುಚ್ಚತೊಡಗಿತು.

ಆ ದಾರಿ ಊರಿನ ವಾಚನಾಲಯದಲ್ಲಿ ಸಿಕ್ಕಿತು. ಯಾರೋ ಪುಣ್ಯಾತ್ಮರು ಇಂಗ್ಲಿಷಿನ ಹಳೆಯ ಮೋಟಾರು ಪತ್ರಿಕೆಗಳ ಒಂದು ಗಂಟನ್ನು ಅಲ್ಲಿಗೆ ದಾನ ಮಾಡಿದ್ದರು. ಅದರಲ್ಲೊಂದು ಲೇಖನ. ಸಾಮಾನ್ಯ ಎಂಜಿನ್ನು ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದಂತೆ. ಅಂಥದಕ್ಕೆ ‘ನ್ಯಾಚುರಲಿ ಆಸ್ಪಿರೇಟೆಡ್’ ಎಂದು ಹೆಸರು. ಅದು ಎಷ್ಟು ಎಳೆದುಕೊಂಡೀತು, ಪಾಪ? ಹೊರಗಿನಿಂದ ಗಾಳಿಯನ್ನು ಒತ್ತಿ ತುಂಬಿದರೆ ಅದೇ ಎಂಜಿನ್ನು ಒಂದೂವರೆ ಪಟ್ಟು ಕೆಲಸ ಮಾಡುತ್ತದಂತೆ. ಆ ಗಾಳಿ ತುಂಬುವ ಚಕ್ರವನ್ನು ತಿರುಗಿಸುವುದು ಯಾವುದು? ಎಂಜಿನ್ನು ಬಿಡುವ ಹೊಗೆಯೇ! ಅದಕ್ಕೆ ಟರ್ಬೊ ಎನ್ನುತ್ತಾರೆ. ತಾನು ಬಿಟ್ಟ ಉಸಿರಿನಿಂದ ತನಗೇ ಉಸಿರು ತುಂಬಿಕೊಳ್ಳುವುದು! ಇದನ್ನು ಓದಿ ನನಗೆ ಮೈ ಜುಮ್ಮೆಂದಿತು. ಅದನ್ನು ಕಂಡುಹಿಡಿದವನ ತಲೆಯ ಮೇಲೆ ಕೈಯಿಟ್ಟು ಹರಸಬೇಕು ಅನ್ನಿಸಿತು.

‘ಆಸ್ಪಿರೇಟೆಡ್’ ಎಂದರೇನು ಎಂದು ಸಂಶಯ ಬಂದು ಇಂಗ್ಲಿಷ್-ಕನ್ನಡ ನಿಘಂಟು ತೆಗೆದು ನೋಡಿದೆ. ‘ಆಸ್ಪಿರೇಟ್: ಮಹಾಪ್ರಾಣಾಕ್ಷರ’ ಎಂದಿತ್ತು. ಖ, ಘ, ಛ, ಝ!

ನಾನು ಎದ್ದು ನಿಂತೆ. ಇದು ನನ್ನ ವಿಷಯ! ಹದಿನೈದು ವರ್ಷದಿಂದ ಇದನ್ನೇ ಕಲಿಸುತ್ತ ಬಂದಿದ್ದೇನೆ. ಬಾಯಿಯ ಮುಂದೆ ಅಂಗೈ ಹಿಡಿದು ‘ಕ’ ಎನ್ನಿರಿ, ಗಾಳಿ ತಾಕುವುದಿಲ್ಲ, ಅದು ಅಲ್ಪಪ್ರಾಣ. ‘ಖ’ ಎನ್ನಿರಿ, ಗಾಳಿ ಬಡಿಯುತ್ತದೆ, ಅದು ಮಹಾಪ್ರಾಣ. ಮನೆಗೆ ಓಡಿ, ಕಾರನ್ನು ಎಬ್ಬಿಸಿ, ಹೊಗೆ ಕೊಳವೆಯ ಮುಂದೆ ಅಂಗೈ ಹಿಡಿದೆ. ಗಾಳಿ ತಾಕಿಯೂ ತಾಕದ ಹಾಗಿತ್ತು. ಎಂಜಿನ್ನು ‘ಬಡ ಬಡ’ ಎನ್ನುತ್ತಿತ್ತು. ರೋಗ ಸಿಕ್ಕಿತು! ಅದು ‘ಭಡ ಭಡ’ ಎನ್ನಬೇಕು.

“ಶಾಂತಾ, ನಮ್ಮ ಗಾಡಿ ಅಲ್ಪಪ್ರಾಣ ಐತಿ. ಇದನ್ನ ನಾ ಮಹಾಪ್ರಾಣ ಮಾಡ್ತೇನಿ.”

ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಕಾರನ್ನೂ ನನ್ನನ್ನೂ ನೋಡಿದಳು.

“ಮನ್ಯಾಗ ಮಾತಾಡೂ ಮುಂದ ನೀವ ‘ಬೂಮಿ’, ‘ದನಾ’ ಅಂತೀರಿ. ನಿಮಗ ಇಲ್ಲದ ಮಹಾಪ್ರಾಣ ಆ ಗಾಡಿಗ್ಯಾಕ್ರಿ?”

ಇಂಥ ಮಾತಿಗೆ ವಿಜ್ಞಾನಿಗಳು ಯಾವ ಕಾಲದಲ್ಲೂ ಕೆಲಸ ನಿಲ್ಲಿಸಿಲ್ಲ. ನಾನೂ ನಿಲ್ಲಿಸಲಿಲ್ಲ.

ಮೊದಲನೆಯ ಪ್ರಯೋಗ ಬೇಸಿಗೆಯ ರಜೆಯಲ್ಲಿ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಎಂಟು ಎಸಳಿನ ಚಕ್ರ ಮಾಡಿ, ಹೊಗೆ ಕೊಳವೆಯ ಬಾಯಿಗೆ ಕಟ್ಟಿದೆ. ಹೊಗೆಗೆ ಚಕ್ರ ತಿರುಗುವುದೋ ಇಲ್ಲವೋ, ಅದನ್ನಷ್ಟೇ ನೋಡಬೇಕಾಗಿತ್ತು. ತಿರುಗಿತು! ನಾನು ಖುಷಿಯಿಂದ ಎಂಜಿನ್ನನ್ನು ಜೋರು ಮಾಡಿದೆ. ಚಕ್ರ ಕಾಣದಷ್ಟು ಜೋರಾಗಿ ತಿರುಗಿತು. ಆಮೇಲೆ ನಿಜವಾಗಿಯೂ ಕಾಣಲಿಲ್ಲ. ಕಂಪೌಂಡು ಹಾರಿ, ಪಕ್ಕದ ಮನೆಯ ಕಾಶಿಬಾಯಿ ಬಿಸಿಲಿಗೆ ಹಾಕಿದ್ದ ಸಂಡಿಗೆಗಳ ನಡುವೆ ಇಳಿದು, ಅಲ್ಲಿಯೂ ನಾಲ್ಕು ಸುತ್ತು ತಿರುಗಿತು. ನಮ್ಮ ಮನೆಗೆ ಆ ವರ್ಷ ಸಂಡಿಗೆ ಬರಲಿಲ್ಲ.

ಎರಡನೆಯ ಪ್ರಯೋಗ ಸೈಕಲ್ ಪಂಪಿನದು. ಗಾಳಿ ಮತ್ತು ಪೆಟ್ರೋಲು ಬೆರೆಯುವ ಡಬ್ಬಿಗೆ ಮಿಸ್ತ್ರಿ ‘ಕಾರ್ಬೋರೇಟರ’ ಎನ್ನುತ್ತಿದ್ದ. ಅದರ ಬಾಯಿಗೆ ಪಂಪು ಹಿಡಿದು ಒಂದೇ ಸಮನೆ ಹೊಡೆದೆ. ಎರಡೇ ನಿಮಿಷದಲ್ಲಿ ದಮ್ ಬಂತು, ನನಗೆ. ಇಷ್ಟು ಸಣ್ಣ ಗಾಳಿ ಸಾಲದು, ಧಾರಾಳವಾಗಿ ಬರುವ ದೊಡ್ಡ ಗಾಳಿ ಬೇಕು ಎಂದು ತೀರ್ಮಾನಿಸಿ ಸುಸ್ತಾಗಿ ಮಲಗಿದೆ.

ಅಷ್ಟರಲ್ಲಿ ಬಬಲೇಶ್ವರದಿಂದ ಮಾವನ ಪೇಟಿ ಬಂತು.

ಹಾರ್ಮೋನಿಯಮ್ಮಿಗೆ ನಮ್ಮಲ್ಲಿ ಪೇಟಿ ಎನ್ನುತ್ತಾರೆ. ಇದು ಕಾಲುಪೇಟಿ, ಸಣ್ಣ ಮೇಜಿನಷ್ಟು ಎತ್ತರ, ಕೆಳಗೆ ಎರಡು ತುಳಿಯುವ ಹಲಗೆ, ಕಾಲಿನಿಂದ ತುಳಿದರೆ ಒಳಗಿನ ತಿದಿ ಗಾಳಿ ತುಂಬುತ್ತದೆ, ಎರಡೂ ಕೈ ನುಡಿಸಲು ಬಿಡುವಾಗಿರುತ್ತವೆ. ನನ್ನ ಮಾವ ಬಸಲಿಂಗಪ್ಪನವರು ಒಂದು ಕಾಲಕ್ಕೆ ಬಬಲೇಶ್ವರದ ಮಠದಲ್ಲಿ ಶ್ರಾವಣದ ಪುರಾಣಕ್ಕೆ ಹಾಡುತ್ತಿದ್ದರು. ಅವರು ದನಿ ಎತ್ತಿದರೆ ಮಮದಾಪುರದ ಕೆರೆಯಲ್ಲಿ ಬಟ್ಟೆ ಒಗೆಯುವವರು ಕೈ ನಿಲ್ಲಿಸುತ್ತಿದ್ದರು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮೈಲುಗಳ ಲೆಕ್ಕ ನಾನು ಕೇಳಿಲ್ಲ. ಅವರಿಗೂ ದಮ್ ಅಂಟಿತು, ಕಾರಿಗೆ ಅಂಟಿದಂಥದೇ. ಹಾಡುವುದು ನಿಂತು ಮೂರು ವರ್ಷವಾಗಿತ್ತು. ಆಮೇಲೆ ಪೇಟಿ ಮಾತ್ರ ನುಡಿಸುತ್ತಿದ್ದರು. ಹಾಡಿನ ಜಾಗದಲ್ಲಿ ಪೇಟಿಯೇ ಹಾಡುತ್ತಿತ್ತು.

ಆ ಪೇಟಿಯ ತಿದಿ ಹರಿದಿತ್ತು. “ಬ್ಯಾರೇದವರಿಗೆ ಯಾಕ ಕೊಡ್ತೀರಿ ಮಾವಾರ, ನಾ ಇಲ್ಲೇನು?” ಎಂದು ನಾನೇ ಬಾಯಿ ಹಾಕಿ ತರಿಸಿಕೊಂಡಿದ್ದೆ. ಹೇಳಲು ಹೆಮ್ಮೆಯಾಗುತ್ತದೆ, ಆ ರಿಪೇರಿ ಸರಿಯಾಗಿಯೇ ಆಯಿತು! ಸೈಕಲ್ ಟ್ಯೂಬಿನ ತುಂಡು, ಸೊಲ್ಯೂಷನ್, ಒಂದು ದಿನ ಒಣಗಿಸಿದ್ದು, ಅಷ್ಟೇ. ತುಳಿದು ನೋಡಿದರೆ ಒಳಗಿನ ಗಾಳಿ ಎಷ್ಟು ಜೋರಾಗಿ ಬಂತೆಂದರೆ, ಮೇಜಿನ ಮೇಲಿದ್ದ ಹುಡುಗರ ಉತ್ತರ ಪತ್ರಿಕೆಗಳು ಹಾರಿದವು.

ನನ್ನ ಜೀವನದಲ್ಲಿ ಮೊದಲ ಬಾರಿ ಒಂದು ರಿಪೇರಿ ಸರಿಹೋಗಿತ್ತು. ಅಲ್ಲಿಗೇ ನಿಲ್ಲಿಸಬೇಕಾಗಿತ್ತು.

ಮಾವನ ಕಾರ್ಡು ಬಂತು. ‘ಶ್ರಾವಣದ ಕಡೇ ಸೋಮವಾರ ಪುರಾಣದ ಮಂಗಲ. ಸಂಜಿ ಐದಕ್ಕ ಪೇಟಿ ಬೇಕು. ಬಸ್ಸಿನ ಮ್ಯಾಲ ಹಾಕಬ್ಯಾಡ್ರಿ, ಮೊದಲ ತಿದಿ ಹರದದ್ದ ಅಲ್ಲೇ. ಈಗ ಪೇಟಿನ ನನ್ನ ದಮ್.’

ಬಸ್ಸು ಬೇಡವೆಂದರೆ ಕಾರೇ ಗತಿ. ಆದರೆ ಬಬಲೇಶ್ವರದ ಮುಂಚೆ ಹುಣಸೆಮರಗಳ ಹತ್ತಿರ ಒಂದು ಉದ್ದನೆಯ ಏರು ಇದೆ. ಖಾಲಿ ಇದ್ದಾಗಲೇ ಹತ್ತದ ಕಾರು, ಪೇಟಿಯ ಭಾರ ಹೊತ್ತು ಹತ್ತೀತೆ? ನಾನು ಇಡೀ ಭಾನುವಾರ ಕಾರನ್ನೂ ಪೇಟಿಯನ್ನೂ ನೋಡುತ್ತ ಕುಳಿತೆ. ಕಾರಿಗೆ ಗಾಳಿ ಬೇಕು. ಪೇಟಿಯಲ್ಲಿ ಗಾಳಿ ಇದೆ. ಪೇಟಿ ಹೇಗೂ ಕಾರಿನಲ್ಲೇ ಕೂಡುತ್ತದೆ.

ಇಷ್ಟು ಸರಳವಾದದ್ದು ಆ ಇಂಗ್ಲಿಷ್ ಪತ್ರಿಕೆಯವರಿಗೆ ಯಾಕೆ ಹೊಳೆಯಲಿಲ್ಲವೋ!

ಹೆಬ್ಬೆರಳಿನ ಅಳತೆ ಹಿಡಿದು ಪೇಟಿಯ ಗಾಳಿಪೆಟ್ಟಿಗೆಗೆ ಒಂದು ತೂತು ಕೊರೆದೆ. ಅಲ್ಲಿಂದ ಸೈಕಲ್ ಟ್ಯೂಬುಗಳನ್ನು ಒಂದಕ್ಕೊಂದು ಜೋಡಿಸಿ, ಡ್ರೈವರನ ಪಕ್ಕದಿಂದ ಹಾಯಿಸಿ, ಕಾರ್ಬೋರೇಟರಿನ ಬಾಯಿಗೆ ಬಿಗಿದು ಕಟ್ಟಿದೆ. ಶಾಂತಾ ಬಂದು ತೂತು ನೋಡಿದಳು.

“ಅಪ್ಪಾರ ಪೇಟಿಗೆ ತೂತ!”

“ಸಣ್ಣದು. ಔಷಧ ಬಾಟ್ಲಿ ಬೂಚ ಸರಿಯಾಗಿ ಕೂಡ್ತೈತಿ, ನೋಡಿಲ್ಲಿ. ಊರ ಮುಟ್ಟಿದ ಕೂಡಲೇ ಬಡದ ಬಿಡತೇನಿ. ನಿಮ್ಮಪ್ಪಗ ಗೊತ್ತ ಆಗೂದಿಲ್ಲ.”

ಅವಳು ಆ ತೂತಿಗೆ ಬೆರಳು ತೂರಿಸಿ ನೋಡಿದಳು. ಆಮೇಲೆ ಒಂದೊಂದೇ ಮಾತು ಬಿಡಿಸಿ ಹೇಳಿದಳು.

“ಕೇಳ್ರಿಲ್ಲೆ. ಗಡಿಯಾರ ಕೆಡಿಸಿದ್ರಿ, ಸುಮ್ನಿದ್ದೆ. ನನ್ನ ಮಷೀನ ಕೆಡಿಸಿದ್ರಿ, ಸುಮ್ನಿದ್ದೆ. ಅಪ್ಪಾಗ ಈಗ ಅದೊಂದ ಐತಿ. ಪೇಟಿಗೆ ಏನರ ಆತಂದ್ರ ನಾ ಬಬಲೇಶ್ವರದಾಗ ಉಳೀತೇನಿ. ನೀವು ಈ ಗಾಡಿ ಕೂಡ ಸಂಸಾರ ಮಾಡ್ರಿ.”

ನನಗೆ ಒಳಗೆ ಹೆದರಿಕೆಯಾಯಿತು. ಆದರೆ ಹೆದರಿಕೆಗಿಂತ ಕುತೂಹಲ ದೊಡ್ಡದಿತ್ತು. ಇದೇ ನನ್ನ ರೋಗದ ಲಕ್ಷಣ.

ಸೋಮವಾರ ರಜೆ ಹಾಕಿ ಮಧ್ಯಾಹ್ನ ಹೊರಟೆವು. ಬೂಚನ್ನು ಅಂಗಿಯ ಜೇಬಿನಲ್ಲಿ, ಕರವಸ್ತ್ರದ ಜೊತೆ ಜೋಪಾನವಾಗಿ ಇಟ್ಟುಕೊಂಡಿದ್ದೆ. ಕಾರಿನ ಕ್ಯಾನ್‌ವಾಸು ಮಡಚಿ, ಹಿಂದೆ ಪೇಟಿ ನಿಲ್ಲಿಸಿ, ಅದರ ಎದುರು ಶಾಂತಾಳನ್ನು ಕೂಡಿಸಿದ್ದೆ. ಶ್ರಾವಣದ ಮೋಡ, ತಂಪು ಗಾಳಿ, ಎರಡೂ ಕಡೆ ಕಪ್ಪು ಎರೆ ಹೊಲ. ಹೊಲದಲ್ಲಿದ್ದವರು ಎದ್ದು ನಿಂತು ನೋಡಿದರು. ಕಾರಿನಲ್ಲಿ ಪೇಟಿ ನುಡಿಸಿಕೊಂಡು ಹೋಗುವಷ್ಟು ಸಿರಿವಂತರು ಯಾರಿರಬಹುದು ಎಂದುಕೊಂಡಿರಬೇಕು.

ಹುಣಸೆಮರಗಳ ಏರು ಬಂತು. ಕಾರು ಅರ್ಧ ಹತ್ತಿ ಸುಯ್‌ಗುಟ್ಟಿತು. ನಾನು ಕೂಗಿದೆ:

“ತುಳಿ!”

ಶಾಂತಾ ತುಳಿದಳು. ಟ್ಯೂಬು ಹಾವಿನ ಹಾಗೆ ಉಬ್ಬಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ, ನನ್ನ ಮಾತು ನಂಬಬೇಕು, ಎಂಜಿನ್ನಿನ ದನಿ ದಪ್ಪವಾಯಿತು. ಬಡ ಬಡ, ಬಡ ಬಡ, ಭಡ ಭಡ! ಕಾರು ಮುಂದೆ ಹೋಯಿತು!

“ಕೇಳಿದೇನು? ಭ! ಭ!”

“ಹೌದ್ರೀ! ಮಹಾಪ್ರಾಣದ ಗತೆ ಕೇಳಾಕತ್ತೈತಿ!” ಅವಳೂ ನಕ್ಕಳು. ಮದುವೆಯಾದ ಮೇಲೆ ನನ್ನ ಒಂದು ಪ್ರಯೋಗಕ್ಕೆ ಅವಳು ನಕ್ಕದ್ದು ಅದೇ ಮೊದಲು. ಆ ಹತ್ತು ಮಾರು ದಾರಿಯಲ್ಲಿ ನನಗಾದ ಆನಂದವನ್ನು ಇವತ್ತಿಗೂ ಯಾರಿಗೂ ಬಿಟ್ಟುಕೊಡಲಾರೆ.

ಅಷ್ಟರಲ್ಲಿ ಕಾರು ಮತ್ತೆ ನಿಧಾನವಾಯಿತು. ಹಿಂದಿನಿಂದ ಇಂಪಾದ ದನಿಯೊಂದು ಕೇಳಿಸಿತು. ತಿರುಗಿ ನೋಡಿದರೆ, ಶಾಂತಾಳ ಬೆರಳು ಪೇಟಿಯ ಪಟ್ಟಿಗಳ ಮೇಲೆ ಓಡುತ್ತಿದ್ದವು!

“ಏ, ನುಡಸಬ್ಯಾಡ! ಗಾಳಿ ಎಲ್ಲಾ ಸ್ವರದಾಗ ಹೋಗಾಕತ್ತೈತಿ!”

“ಕಾಲು ತುಳದ್ರ ಕೈ ಸುಮ್ನಿರೂದಿಲ್ರಿ! ಅಪ್ಪಾ ಸಣ್ಣಾಕಿ ಇದ್ದಾಗಿಂದ ಹಂಗ ಕಲಿಸ್ಯಾರ!”

“ಕೈ ಎತ್ತಿ ಹಿಡಿ!”

ಅವಳು ಎರಡೂ ಕೈಗಳನ್ನು ಆಕಾಶಕ್ಕೆ ಎತ್ತಿದಳು. ಕಾರು ಜೋರಾಯಿತು. ಕೈ ಸೋತು ಇಳಿಸಿದಾಗ ಬೆರಳು ತಾವಾಗಿಯೇ ನುಡಿಸಿದವು, ಕಾರು ನಿಧಾನವಾಯಿತು. ಹೀಗೆ ಕೈ ಮೇಲೆ, ಕೈ ಕೆಳಗೆ, ಭಜನೆ ಮಾಡಿದ ಹಾಗೆ ಮುಕ್ಕಾಲು ಏರು ಹತ್ತಿದೆವು. ಇನ್ನು ಎರಡು ಮರ ದಾಟಿದರೆ ಇಳಿಜಾರು. ನಾನು ಉತ್ಸಾಹ ತಡೆಯಲಾರದೆ ಕೂಗಿದೆ:

“ಜೋರ್ಲೆ ತುಳಿ, ಶಾಂತಾ! ಇದ್ದಷ್ಟೂ ತುಳಿ!”

ಇದ್ದಷ್ಟೂ ತುಳಿದಳು.

ಢಂ!

ಅಂಥ ಶುದ್ಧವಾದ ಮಹಾಪ್ರಾಣವನ್ನು ನಾನು ನನ್ನ ವೃತ್ತಿಜೀವನದಲ್ಲಿ ಕೇಳಿರಲಿಲ್ಲ. ಆದರೆ ಅದು ಹೊಗೆ ಕೊಳವೆಯಿಂದ ಹೊರಗೆ ಹೋಗಲಿಲ್ಲ. ಬಂದ ದಾರಿಯಲ್ಲೇ ತಿರುಗಿ, ಕಾರ್ಬೋರೇಟರಿನಿಂದ ಟ್ಯೂಬಿಗೆ, ಟ್ಯೂಬಿನಿಂದ ಪೇಟಿಗೆ ನುಗ್ಗಿತು. ಪೇಟಿಯ ಪಟ್ಟಿಗಳೆಲ್ಲ ಜಿಗಿದೆದ್ದವು. ಇದ್ದಬದ್ದ ಸ್ವರಗಳೆಲ್ಲ ಒಂದೇ ಸಲ ಕಿರುಚಿದವು. ಟ್ಯೂಬು ತೂತಿನಿಂದ ಕಿತ್ತುಕೊಂಡು ಹೊರಗೆ ಬಿತ್ತು. ಕಾರು ನಿಂತಿತು. ಶಾಂತಾಳ ಮುಖದ ಮೇಲೆ ಮಸಿ, ಕೈ ಇನ್ನೂ ಆಕಾಶದಲ್ಲೇ ಇದ್ದವು.

ಹೆದರಿಕೆಗೆ ಮೈಯೆಲ್ಲ ಬೆವರಿತು. ಕರವಸ್ತ್ರ ತೆಗೆದು ಒರೆಸಿಕೊಂಡೆ.

“ನಿನಗೇನೂ ಆಗಿಲ್ಲಲ್ಲ?” ಎಂದು ಕೇಳಿದೆ.

ಅವಳು ತೂತನ್ನು ಒಂದು ಕೈಯಿಂದ ಮುಚ್ಚಿ, ತುಳಿಯುತ್ತ, ಪೇಟಿಯ ಒಂದೊಂದೇ ಪಟ್ಟಿ ಒತ್ತತೊಡಗಿದಳು. ಕೆಲವು ನುಡಿದವು. ಕೆಲವು ನುಡಿಯಲಿಲ್ಲ. ನುಡಿಯದ ಪಟ್ಟಿ ಬಂದಾಗಲೆಲ್ಲ ಅವಳ ತುಟಿ ಬಿಗಿಯಾಗುತ್ತಿತ್ತು. ಅದನ್ನು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಕುತೂಹಲ ಅಷ್ಟು ಬೇಗ ನನ್ನನ್ನು ಬಿಟ್ಟು ಓಡಿಹೋದದ್ದು ಅದೊಂದೇ ಸಲ.

ಏರಿನ ತುದಿಯಲ್ಲಿ ಒಂದು ಚಕ್ಕಡಿ ಕಾಣಿಸಿತು. ಅದರಲ್ಲಿ ಕುಳಿತಿದ್ದವರು ನನ್ನ ಮಾವ.

“ಗಾಡಿ ಈ ಏರು ಹತ್ತೂದಿಲ್ಲ ಅಂತ ಗೊತ್ತಿತ್ರಿ,” ಎಂದರು, ಉಸಿರ ನಡುವೆ ಮಾತು ಜೋಡಿಸುತ್ತ. “ಅದಕ್ಕ ಮಧ್ಯಾನದಿಂದ ಎತ್ತ ಹೂಡಿಕೊಂಡ ಇಲ್ಲೇ ಕುಂತೇನಿ.”

ಅಂದರೆ, ಪೇಟಿಗೆ ತೂತು ಕೊರೆಯುವ ಅವಶ್ಯಕತೆಯೇ ಇರಲಿಲ್ಲ! ಏರಿನ ಕೆಳಗೆ ನಿಂತು ಒಂದು ಕೂಗು ಹಾಕಿದ್ದರೆ ಸಾಕಾಗಿತ್ತು.

ಮಾವ ಇಳಿದು ಬಂದು ಪೇಟಿಯ ಸುತ್ತ ಒಂದು ಸುತ್ತು ಹಾಕಿದರು. ಬಗ್ಗಿ ತೂತು ನೋಡಿದರು.

“ಇದೇನ್ರಿ ಅಳಿಯಂದಿರ?”

“ಅದು... ಗಾಳಿ ಹೋಗಾಕ ರಿ.”

“ಪೇಟ್ಯಾಗಿನ ಗಾಳಿ ಹೊರಗ ಹೋಗಲಿ ಅಂತ ತೂತ ಹೊಡದೀರಿ.”

“ಹೂಂ ರಿ.”

“ಶಾಣ್ಯಾ ಅದೀರಿ.”

ಇದಕ್ಕಿಂತ ಎರಡು ಏಟು ಹೊಡೆದಿದ್ದರೆ ಹಗುರಾಗುತ್ತಿತ್ತು. ಪೇಟಿಯನ್ನು ಚಕ್ಕಡಿಗೆ ಏರಿಸಿದೆವು. ಚಕ್ಕಡಿಯ ಹಿಂದೆ ಹಗ್ಗದಿಂದ ಕಾರನ್ನೂ ಕಟ್ಟಿದರು. ಮಾವ, ಮಗಳು, ಪೇಟಿ ಮುಂದೆ. ಹಿಂದೆ ಒಬ್ಬನೇ ಸ್ಟೀರಿಂಗ್ ಹಿಡಿದು ನಾನು. ಎರಡು ಎತ್ತುಗಳು ಏರು ಹತ್ತಿಸಿ ನಮ್ಮನ್ನು ಬಬಲೇಶ್ವರಕ್ಕೆ ಮುಟ್ಟಿಸಿದವು, ಅವುಗಳಿಗೆ ಉಬ್ಬಸ ಬರಲಿಲ್ಲ.

ಮಠದಲ್ಲಿ ಜನ ಸೇರಿದ್ದರು. ತೂತಿಗೆ ಬಡಿಯಲು ಬೂಚಿಗಾಗಿ ಜೇಬಿಗೆ ಕೈ ಹಾಕಿದೆ. ಇಲ್ಲ! ಬೆವರು ಒರೆಸಲು ಕರವಸ್ತ್ರ ಎಳೆದಾಗ ಏರಿನ ಮೇಲೆಯೇ ಬಿದ್ದಿತ್ತು. ಬಟ್ಟೆ ತುರುಕಿ ನೋಡಿದೆವು. ಒಂದು ಸಲ ತುಳಿದ ಕೂಡಲೇ ಬಟ್ಟೆ ಹಾರಿ ಮುಂದೆ ಕುಳಿತಿದ್ದ ಅಜ್ಜನೊಬ್ಬನ ತಲೆಗೆ ಬಡಿಯಿತು. ಕಟ್ಟಿಗೆ ಕೆತ್ತಲು ಹೊತ್ತಿರಲಿಲ್ಲ. ಶಾಂತಾ ನನ್ನ ಬಲಗೈ ಹಿಡಿದು, ಹೆಬ್ಬೆರಳನ್ನು ಬಿಡಿಸಿ, ಆ ತೂತಿನಲ್ಲಿ ಇಟ್ಟಳು.

ಸರಿಯಾಗಿ ಕೂತಿತು. ಕೂಡದೆ ಏನು, ನನ್ನದೇ ಅಳತೆ!

“ಮಂಗಲ ಮುಗಿಯೂ ತನಕ ತೆಗೀಬ್ಯಾಡ್ರಿ,” ಎಂದಳು.

ಹೀಗೆ ಮಹಾಪ್ರಾಣ ಕೊಡಲು ಹೊರಟ ಪಂಡಿತ, ಊರ ಜನರ ಎದುರು, ಮಾವನ ಕಾಲ ಬಳಿ, ಬೂಚಾಗಿ ಕುಳಿತ. ಎರಡು ತಾಸು! ಮಾವನ ಮಂಡಿ ಮೇಲೆ ಕೆಳಗೆ ಹೋಗುವಾಗ ನನ್ನ ಕಿವಿಗೆ ತಾಕುತ್ತಿತ್ತು. ಸತ್ತ ಸ್ವರಗಳನ್ನು ತಪ್ಪಿಸಿ, ಇದ್ದ ಸ್ವರಗಳಲ್ಲೇ ಅವರು ಎಂಥ ನಾಜೂಕಿನಿಂದ ನುಡಿಸಿದರೆಂದರೆ, ಪೇಟಿಯ ಗತಿ ಕೂತವರಿಗೆ ತಿಳಿಯಲೇ ಇಲ್ಲ. ಪೆಟ್ರೋಲಿನ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಮಾತ್ರ ಮೂಗು ಆಡಿಸುತ್ತಿದ್ದರು.

ಕೊನೆಯ ಮಂಗಳಾರತಿಯ ಹಾಡು ಶುರುವಾಯಿತು. ಪೇಟಿ ಒಂದೇ ಅದನ್ನು ನುಡಿಯಬೇಕು, ಜನ ಕೊನೆಗೆ ದನಿಗೂಡಿಸಬೇಕು. ಆಗ ಮಠದ ಹಿರಿಯ ಸ್ವಾಮಿಗಳು ಎದ್ದು ಬಂದರು. ಕೈಯಲ್ಲಿ ಶಾಲು ಇತ್ತು.

“ಪೇಟಿ ರಿಪೇರಿ ಮಾಡಿ, ಸ್ವಂತ ಕಾರಿನಾಗ ತಂದ, ಇಷ್ಟೊತ್ತು ಪೇಟಿಯ ಸೇವಾ ಮಾಡಿದ ಅಳಿಯಂದಿರಿಗೆ,” ಎಂದು ಹೇಳಿ ಶಾಲನ್ನು ನನ್ನ ಹೆಗಲಿಗೆ ಹೊದಿಸಿದರು.

ಹಿರಿಯರು ಶಾಲು ಹೊದಿಸಿದರೆ ಕನ್ನಡ ಮಾಸ್ತರನಾದವನು ಏನು ಮಾಡುತ್ತಾನೆ? ಎರಡೂ ಕೈ ಜೋಡಿಸಿದೆ.

ಹುಸ್ಸ್...

ಹಾಡಿನ ನಡುವೆ ಪೇಟಿಯ ಉಸಿರು ಪೂರಾ ಹೋಯಿತು. ನಾನು ಕೈ ಜೋಡಿಸಿಕೊಂಡೇ ಕಲ್ಲಾದೆ. ಶಾಂತಾ ಕಣ್ಣು ಮುಚ್ಚಿದ್ದನ್ನು ಕಂಡೆ. ಅಷ್ಟರಲ್ಲಿ, ಪೇಟಿ ಬಿಟ್ಟ ಅದೇ ಸ್ವರದಿಂದ, ಮನುಷ್ಯನ ದನಿಯೊಂದು ಮೇಲೆದ್ದಿತು. ಮಾವ ಹಾಡುತ್ತಿದ್ದರು.

ಬೇಕೆಂದು ಹಾಡಿದ್ದಲ್ಲ. ಕಾಲು ತುಳಿದರೆ ಮಗಳ ಕೈ ಹೇಗೆ ಸುಮ್ಮನಿರುವುದಿಲ್ಲವೋ, ಹಾಗೆ ಹಾಡು ನಿಂತಾಗ ಅವರ ಬಾಯಿ ಸುಮ್ಮನಿರಲಿಲ್ಲ. ಒಂದೂವರೆ ಸಾಲು ಹಾಡಿದರು. ಮೂರು ವರ್ಷ ಒಳಗೇ ಇದ್ದ ದನಿ, ಸ್ವಲ್ಪ ಗೊಗ್ಗರು, ಆದರೂ ತುಂಬಿದ ದನಿ. ಆಮೇಲೆ ಕೆಮ್ಮು ಬಂತು. ಕೆಮ್ಮಿದ ಜಾಗದಿಂದ ಇಡೀ ಮಠ ಹಾಡನ್ನು ಎತ್ತಿಕೊಂಡು ಮುಗಿಸಿತು. ಶಾಂತಾ ಮುಖಕ್ಕೆ ಸೆರಗು ಒತ್ತಿ ಅಳುತ್ತಿದ್ದಳು, ಮಸಿ ಎಲ್ಲ ಸೆರಗಿಗೆ ಬಂತು. ನಾನೂ ಅತ್ತೆ. ಶಾಲು ಇತ್ತು, ಒರೆಸಿಕೊಂಡೆ.

ಪ್ರಸಾದವಾದ ಮೇಲೆ ಮಾವ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತರು.

“ನೀವು ಬೆರಳ ತೆಗೀದಿದ್ರ ನಾ ಬಾಯಿ ತೆರೀತಿರಲಿಲ್ರಿ,” ಎಂದರು.

ನನಗೆ ಒಮ್ಮೆಲೇ ಜೀವ ಬಂತು. ಕುತೂಹಲವೂ ಅದರ ಹಿಂದೆಯೇ ಬಂತು.

“ಅಂದ್ರ ಮಾವಾರ, ನನ್ನ ಪ್ರಯೋಗದಿಂದ...”

“ಅಳಿಯಂದಿರ, ಇನ್ನ ಮ್ಯಾಲೆ ಪೇಟಿ ರಿಪೇರಿಗೆ ಮಿರಜದ ವಾದ್ಯಗಾರರಿಗೆ ಕಳಸ್ತೇನಿ.”

ಶಾಂತಾ ಬಬಲೇಶ್ವರದಲ್ಲಿ ಉಳಿಯಲಿಲ್ಲ. ಅವಳ ಅಪ್ಪ ಹಾಡಿದ್ದರಿಂದ ನಾನು ಬದುಕಿ ಉಳಿದೆ. ಮರುದಿನ ಇಬ್ಬರೂ ಬಸ್ಸಿಗೆ ಬಂದೆವು. ಬಸ್ಸು ಹತ್ತುವಾಗ ಯಾರೋ “ಬೂಚಿನ ಮಾಸ್ತರ ಹೊಂಟ್ರು” ಅಂದದ್ದು ಕೇಳಿಸಿತು. ಕಾರನ್ನು ಕಬ್ಬಿನ ಲಾರಿಯೊಂದು ಮುಂದಿನ ವಾರ ಎಳೆದು ತಂದಿತು.

ದಸ್ತಗೀರ ಮಿಸ್ತ್ರಿ ಬಂದ. ನಾನು ನಡೆದದ್ದೆಲ್ಲ ಹೇಳಿದೆ. “ಬರೇ ಗಾಳಿ ಕೊಟ್ರಿ, ಅದಕ್ಕ ತಕ್ಕಂಗ ಪೆಟ್ರೋಲ ಯಾರ ಕೊಡಬೇಕ್ರಿ? ಬರೇ ಗಾಳಿ ಉಂಡು ನೀವರ ಏರು ಹತ್ತತೀರೇನು?” ಎಂದ. ಆಮೇಲೆ ಹ್ಯಾಂಡಲ್ ತಿರುಗಿಸಿ, ಬಾನೆಟ್ಟಿನ ಮೇಲೆ ಕಿವಿ ಇಟ್ಟು, ಬಹಳ ಹೊತ್ತು ಕೇಳಿದ.

“ಮಾಸ್ತರ, ಈಗ ಗಾಡಿಗೆ ದಮ್ ಇಲ್ಲ.”

ನಾನು ಖುಷಿಯಿಂದ ಬಾಗಿಲಿಗೆ ಓಡಿದೆ. ಅಡುಗೆಮನೆಗೆ ಕೇಳಿಸುವ ಹಾಗೆ ಕೂಗಿದೆ: “ಶಾಂತಾ! ಕೇಳಿದೇನು? ದಮ್ ಹೋಗೇತಂತ! ನನ್ನ ಗಾಳಿಗೆ ರೋಗ ಪೂರಾ ಗುಣ ಆಗೇತಿ!”

ಒಳಗಿನಿಂದ ಮೆಣಸಿನಕಾಯಿ ಡಬ್ಬಿಯ ಮುಚ್ಚಳ ಬಿಗಿಯುವ ಸದ್ದು ಕೇಳಿಸಿತು. ಮಿಸ್ತ್ರಿ ಕಿವಿ ಒರೆಸಿಕೊಂಡು ನನ್ನ ಮುಖವನ್ನು ಕನಿಕರದಿಂದ ನೋಡಿದ.

“ಈ ಸಲ ಇನ್ನೊಂದ ಅರ್ಥ ರಿ, ಮಾಸ್ತರ.”